ತೇರಿನ ದಿನದ ಪ್ರವೇಶ, ಐದು ವರ್ಷದ ಕುರ್ಚಿ

ಸ್ವಲ್ಪ ಉದ್ದ ಆಗಿದೆ, ಪುರುಸೊತ್ತು ಮಾಡ್ಕೊಂಡು ಓದಿ.

ಹತ್ತು ದಿನದ ಹಿಂದೆ ಏಪ್ರಿಲ್ 14. ಅರಸೀಕೆರೆ, ಬೇಲೂರು, ಹಳೇಬೀಡು, ಎಲ್ಲಾ ಕಡೆ ಬಾಬಾಸಾಹೇಬರ ಫೋಟೋಗೆ ಹಾರ ಬಿತ್ತು. ಎಲ್ಲಾ ಪಕ್ಷದೋರೂ ಬಂದರು, ಸಂವಿಧಾನ ಸಂವಿಧಾನ ಅಂತ ಮೈಕಲ್ಲಿ ಮಾತಾಡಿದರು, ಮಜ್ಜಿಗೆ ಕುಡಿದು ಹೋದರು. ಇವತ್ತು ಏಪ್ರಿಲ್ 24. 1993ರ ಇದೇ ದಿನ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂತು, ಅದಕ್ಕೇ ಇದು ಪಂಚಾಯತ್ ರಾಜ್ ದಿನ. ಇವತ್ತು ನಮ್ಮ ಕಡೆ ಒಬ್ಬ ಮುಖಂಡನೂ ಮೈಕ್ ಹಿಡಿದದ್ದು ಕಾಣಲಿಲ್ಲ. ಹಿಡಿದರೆ ಒಂದು ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತೆ: ಹಾಸನ ಜಿಲ್ಲಾ ಪಂಚಾಯಿತಿ ಸದಸ್ಯರು ಎಲ್ಲಿ? ಅರಸೀಕೆರೆ, ಬೇಲೂರು ತಾಲ್ಲೂಕು ಪಂಚಾಯಿತಿ ಸದಸ್ಯರು ಎಲ್ಲಿ?

ಕಟ್ಟಡ ಇದೆ. ಬೋರ್ಡ್ ಇದೆ. ಜೀಪಿದೆ. ಆದರೆ ನಾವು ಓಟು ಹಾಕಿ ಕಳಿಸಿದ ಒಬ್ಬರೂ ಒಳಗಿಲ್ಲ. 2016ರ ಫೆಬ್ರವರಿಯಲ್ಲಿ ಆರಿಸಿದವರ ಅವಧಿ 2021ರಲ್ಲಿ ಮುಗೀತು. ನಾಲ್ಕು ವರ್ಷ ಕಳೆದರೂ ಚುನಾವಣೆ ಆಗಲಿಲ್ಲ. ಆಡಳಿತಾಧಿಕಾರಿಗಳೇ ನಡೆಸ್ತಿದ್ದಾರೆ.

ಮೊನ್ನೆ ಟೀ ಅಂಗಡಿ ಮುಂದೆ ಇದನ್ನೇ ಹೇಳ್ತಿದ್ದೆ. ನಮ್ಮ ಸಂಘಟನೆಯ ಹುಡುಗನೊಬ್ಬ ಕೇಳಿದ: "ಅಲ್ಲಣ್ಣ, ಎಲೆಕ್ಷನ್ ಆಗಿದ್ರೆ ಏನ್ ಕಡಿದು ಗುಡ್ಡೆ ಹಾಕ್ತಿದ್ರು? ದುಡ್ಡಿದ್ದೋರೇ ಗೆಲ್ತಿದ್ರು. ನಮ್ಮ ಮೀಸಲು ಸೀಟಲ್ಲೂ ಅವರಿಗೆ ಬೇಕಾದೋರೇ ಕೂರ್ತಿದ್ರು. ಇದಕ್ಕಿಂತ ಆಫೀಸರ್ ಇರೋದೇ ವಾಸಿ ಅಲ್ವಾ?"

ಅವನ ಮಾತು ಸುಳ್ಳಲ್ಲ. ಆದರೆ ಅರ್ಧ. ಉಳಿದ ಅರ್ಧ ಹೇಳಬೇಕು ಅಂದ್ರೆ ಬೇಲೂರಿನ ದೇವಸ್ಥಾನದಿಂದ ಶುರು ಮಾಡಬೇಕು.

ಚೆನ್ನಕೇಶವನ ಗುಡಿ ಎಲ್ಲರಿಗೂ ಗೊತ್ತು. ವಿಷ್ಣುವರ್ಧನ ಕಟ್ಟಿಸಿದ್ದು, 2023ರಲ್ಲಿ ಹಳೇಬೀಡು, ಸೋಮನಾಥಪುರದ ಜೊತೆ ಯುನೆಸ್ಕೋ ಪಟ್ಟಿ ಸೇರಿದ್ದು. ಗೈಡ್‌ಗಳು ಶಿಲಾಬಾಲಿಕೆ ತೋರಿಸ್ತಾರೆ. ಅವರು ಹೇಳದ ಒಂದು ಸಂಗತಿ ಹಳೇ ಮೈಸೂರು ಗೆಜೆಟಿಯರ್‌ಗಳಲ್ಲಿದೆ. ಮೇಲುಕೋಟೆಯಲ್ಲೂ ಬೇಲೂರಲ್ಲೂ ನಮ್ಮ ಜನಕ್ಕೆ ತೇರಿನ ಹೊತ್ತಲ್ಲಿ ಮಾತ್ರ, ವರ್ಷಕ್ಕೊಂದು ಸಲ, ಗುಡಿ ಒಳಗೆ ಹೋಗೋ ಅವಕಾಶ ಇತ್ತು. ರಾಮಾನುಜಾಚಾರ್ಯರು ಕೊಟ್ಟದ್ದು, ತಿರುಕುಲದವರು ಅಂತ ಹೆಸರಿಟ್ಟದ್ದು ಅನ್ನೋದು ಐತಿಹ್ಯ. ನಮ್ಮಲ್ಲೇ ಕೆಲವು ಹಿರಿಯರು ಇದನ್ನ ಹೆಮ್ಮೆಯಿಂದ ಹೇಳ್ಕೋತಾರೆ. ಅವರ ಹೆಮ್ಮೆ ನನಗೆ ಅರ್ಥ ಆಗುತ್ತೆ. ಆದರೂ ಒಂದು ಕೇಳ್ತೀನಿ: ಬಾಗಿಲು ಯಾವತ್ತು ತೆಗೀಬೇಕು, ಯಾವತ್ತು ಮುಚ್ಚಬೇಕು ಅಂತ ತೀರ್ಮಾನ ಮಾಡ್ತಿದ್ದೋರು ಯಾರು? ತೇರು ಮುಗಿದ ಮಾರನೇ ದಿನ ಅದೇ ಮನುಷ್ಯ ಅದೇ ಬಾಗಿಲ ಹೊರಗೆ. ದಿನಾಂಕ ಕೊಟ್ಟೋರ ಕೈಯಲ್ಲಿದ್ರೆ ಅದು ಕೊಡುಗೆ. ಯಾರೂ ಆ ದಿನಾಂಕ ಮುಟ್ಟೋಕಾಗದಿದ್ರೆ ಅದು ಹಕ್ಕು. ಈ ಮಾತು ನೆನಪಿಟ್ಕೊಳ್ಳಿ, ಕೊನೆಗೆ ಮತ್ತೆ ಬರ್ತೀನಿ.

ಬಾಬಾಸಾಹೇಬರಿಗೆ ಹಳ್ಳಿ ಅಂದ್ರೆ ಏನು ಅನ್ನೋದು ಗೊತ್ತಿತ್ತು. 1932ರ ಅಕ್ಟೋಬರ್ 6ರಂದು, ಪೂನಾ ಒಪ್ಪಂದ ಆಗಿ ಎರಡು ವಾರಕ್ಕೇ, ಬೊಂಬಾಯಿ ಶಾಸನ ಪರಿಷತ್ತಲ್ಲಿ ಗ್ರಾಮ ಪಂಚಾಯಿತಿ ಮಸೂದೆ ಚರ್ಚೆಗೆ ಬಂತು. ಅವರು ಎದ್ದು ನಿಂತು ಹೇಳಿದ್ದರ ಸಾರ ಇಷ್ಟು: ವಯಸ್ಕರೆಲ್ಲರಿಗೂ ಓಟು ಕೊಡಿ, ಅದೂ ಸಾಲದು. ಪ್ರತಿ ಹಳ್ಳಿಯಲ್ಲೂ ನಮ್ಮವರು ಅಲ್ಪಸಂಖ್ಯಾತರು, ಬರೀ ಓಟಿನಿಂದ ಒಬ್ಬರೂ ಗೆಲ್ಲಲ್ಲ, ಆದ್ದರಿಂದ ಸ್ಥಾನ ಕಾಯ್ದಿರಿಸಿ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ, ಗ್ರಾಮಗಳೇ ಭಾರತದ ಆತ್ಮ ಅಂತ ಹಾಡಿ ಹೊಗಳ್ತಿದ್ದೋರ ಮುಂದೆ, ಹಳ್ಳಿ ಅಂದ್ರೆ ಅಜ್ಞಾನದ, ಸಂಕುಚಿತ ಬುದ್ಧಿಯ ಗುಹೆ ಅನ್ನೋ ಅರ್ಥದ ಮಾತಾಡಿದರು. ಪಂಚಾಯಿತಿ ಅನ್ನೋ ಪದ ಕೊನೆಗೆ 40ನೇ ವಿಧಿಯಾಗಿ ಸೇರಿತು, ನಿರ್ದೇಶಕ ತತ್ವಗಳ ಸಾಲಿನಲ್ಲಿ. ಅಂದ್ರೆ ಮಾಡಿದರೆ ಮಾಡಬಹುದು, ಬಿಟ್ಟರೆ ಕೋರ್ಟಿಗೆ ಹೋಗೋ ಹಾಗಿಲ್ಲ.

ನಮ್ಮ ಸೀಮೆಯಲ್ಲಿ ಆಗಲೇ ಮೈಸೂರು ಸಂಸ್ಥಾನದ 1926ರ ಗ್ರಾಮ ಪಂಚಾಯಿತಿ ಕಾನೂನಿತ್ತು. ಭಾರತದಲ್ಲೇ ಮುಂದಿದ್ದ ಸಂಸ್ಥಾನ ಅಂತ ಹೊಗಳ್ತೀವಿ, ಹೊಗಳೋಣ. ಆದರೆ ಸಂಸ್ಥಾನದ ಕಾಲದ ಓಟಿನ ಹಕ್ಕು ಆಸ್ತಿಗೂ, ಕಂದಾಯಕ್ಕೂ, ಓದಿಗೂ ಗಂಟು ಬಿದ್ದಿತ್ತು. ಭೂಮಿ ಇಲ್ಲದ, ಜೀತ ಮಾಡೋ ಕೇರಿಯ ಮನುಷ್ಯ ಅಲ್ಲಿ ಎಲ್ಲಿ ಬಂದ?

1959ರಲ್ಲಿ ಹೊಸ ಕಾನೂನು ಬಂತು: ಮೈಸೂರು ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾಯ್ದೆ. ಕೆಳಗೆ ಗ್ರಾಮ ಪಂಚಾಯಿತಿ, ನಡುವೆ ತಾಲ್ಲೂಕು ಬೋರ್ಡು, ಮೇಲೆ ಜಿಲ್ಲಾ ಅಭಿವೃದ್ಧಿ ಪರಿಷತ್ತು. ಪರಿಶಿಷ್ಟ ಜಾತಿಗೆ ಸ್ಥಾನ ಮೀಸಲಾಯ್ತು. ಆದರೆ ಮೇಲಿನ ಪರಿಷತ್ತಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷ, ಅದು ಸಲಹೆ ಕೊಡೋ ಸಭೆ ಅಷ್ಟೇ. ಚುನಾವಣೆಯೂ ಹೊತ್ತಿಗೆ ಸರಿಯಾಗಿ ನಡೀತಿರಲಿಲ್ಲ, ಸರ್ಕಾರಕ್ಕೆ ಅನುಕೂಲ ಆದಾಗ ನಡೀತಿತ್ತು.

ಆಮೇಲೆ ಬಂದದ್ದು ಅಬ್ದುಲ್ ನಜೀರ್‌ಸಾಬ್ ಕಾಲ. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ನಜೀರ್‌ಸಾಬ್ ಪಂಚಾಯತ್ ರಾಜ್ ಮಂತ್ರಿ. 1983ರ ಕಾಯ್ದೆಗೆ ರಾಷ್ಟ್ರಪತಿ ಅಂಕಿತ ಬಿದ್ದದ್ದು 1985ರಲ್ಲಿ, ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತು. ಹೆಂಗಸರಿಗೆ ಶೇ 25 ಸ್ಥಾನ. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ, ಅವರ ಕೈಕೆಳಗೆ ಐಎಎಸ್ ಅಧಿಕಾರಿ ಮುಖ್ಯ ಕಾರ್ಯದರ್ಶಿ. ಹಳ್ಳಿಯಿಂದ ಗೆದ್ದು ಬಂದೋರ ಮುಂದೆ ಐಎಎಸ್ ಸಾಹೇಬರು ಕಡತ ಹಿಡಿದು ನಿಂತದ್ದು ಅವತ್ತು. ನಜೀರ್‌ಸಾಬ್ 1988ರಲ್ಲಿ ತೀರಿಕೊಂಡರು. 1992ರಲ್ಲಿ ಆ ಸಂಸ್ಥೆಗಳ ಅವಧಿ ಮುಗೀತು. ಆಗ ಏನಾಯ್ತು ಗೊತ್ತಾ? ಚುನಾವಣೆ ಮಾಡಲಿಲ್ಲ. ಆಡಳಿತಾಧಿಕಾರಿಗಳನ್ನ ಕೂರಿಸಿದರು. ಇಡೀ ದೇಶ ಕಣ್ಣರಳಿಸಿ ನೋಡಿದ ಸಂಸ್ಥೆಯನ್ನ ಮುಗಿಸೋಕೆ ಕಾಯ್ದೆ ರದ್ದು ಮಾಡೋದೂ ಬೇಕಾಗಲಿಲ್ಲ. ಚುನಾವಣೆ ದಿನಾಂಕ ಹೇಳದೆ ಇದ್ದರೆ ಸಾಕಾಯ್ತು.

73ನೇ ತಿದ್ದುಪಡಿ ಈ ರೋಗಕ್ಕೇ ಔಷಧಿ ಅಂತ ಬಂತು. ಐದು ವರ್ಷ ಮುಗಿಯೋದ್ರೊಳಗೆ ಮುಂದಿನ ಚುನಾವಣೆ ಆಗಲೇಬೇಕು, ಅದು 243-ಇ ವಿಧಿ. ಚುನಾವಣೆ ನಡೆಸೋಕೆ ಸ್ವತಂತ್ರ ರಾಜ್ಯ ಚುನಾವಣಾ ಆಯೋಗ, 243-ಕೆ. ಪರಿಶಿಷ್ಟರಿಗೆ ಜನಸಂಖ್ಯೆಗೆ ತಕ್ಕ ಸ್ಥಾನ, ಸದಸ್ಯರಿಗಷ್ಟೇ ಅಲ್ಲದೆ ಅಧ್ಯಕ್ಷರ ಕುರ್ಚಿಗೂ, 243-ಡಿ. ಅದರ ಬೆನ್ನಿಗೇ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ 1993 ಬಂತು, ಡಿಸೆಂಬರಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಆಯ್ತು.

ಆ ಚುನಾವಣೆಯಲ್ಲಿ ನಮ್ಮವ್ವ ಮೆಂಬರ್ ಆದಳು.

ನಮ್ಮೂರು ಜಾವಗಲ್ ಹಳೇಬೀಡು ರಸ್ತೆ ಆಸುಪಾಸಲ್ಲಿದೆ, ಹೆಸರು ಬೇಡ. ಪರಿಶಿಷ್ಟ ಜಾತಿ ಮಹಿಳೆ ಅಂತ ಸೀಟು ಬಂತು. ಊರಿನ ದೊಡ್ಡೋರು ಯೋಚನೆ ಮಾಡಿ, ಓದು ಬರದ, ತಮ್ಮದೇ ಹೊಲದಲ್ಲಿ ಕಳೆ ಕೀಳೋ ನಮ್ಮವ್ವನ ಹೆಸರು ಕೊಟ್ಟರು. ಮೊದಲನೇ ಮೀಟಿಂಗಿಗೆ ಹೋದವಳು ಬಾಗಿಲ ಹತ್ರ ನಿಂತೇ ಇದ್ದಳು. ಕುರ್ಚಿ ಇತ್ತು, ಕೂತ್ಕೋ ಅಂದೋರಿಲ್ಲ. ಪುಸ್ತಕವನ್ನ ಬಾಗಿಲ ಹತ್ರಕ್ಕೇ ತಂದು ಹೆಬ್ಬೆಟ್ಟು ಒತ್ತಿಸ್ಕೊಂಡರು. ಎರಡು ವರ್ಷ ಹಿಂಗೇ ನಡೀತು. ನಮ್ಮ ಹುಡುಗ ಟೀ ಅಂಗಡಿ ಮುಂದೆ ಹೇಳಿದ್ದು ಇದನ್ನೇ.

ಆಮೇಲೆ ಸಂಘದೋರು ಕೇರಿಗೆ ಬಂದು ಕಾಯ್ದೆ ಪುಸ್ತಕ ಓದಿ ಹೇಳಿದರು. ಮೀಟಿಂಗಿಗೆ ನೋಟಿಸ್ ಕೊಡಬೇಕು, ನಡಾವಳಿ ಓದಿ ಹೇಳಬೇಕು, ಸಾಮಾಜಿಕ ನ್ಯಾಯ ಸಮಿತಿ ಅಂತ ಒಂದಿರಬೇಕು, ಅದರಲ್ಲಿ ನಮ್ಮವರು ಇರಲೇಬೇಕು. ಮುಂದಿನ ಮೀಟಿಂಗಲ್ಲಿ ನಮ್ಮವ್ವ ಒಳಗೆ ಹೋಗಿ ಕುರ್ಚಿ ಎಳ್ಕೊಂಡು ಕೂತಳು. ಪುಸ್ತಕ ಬಂತು. "ಕೇರಿಗೆ ನೀರಿನ ಸಿಸ್ಟನ್ ಅಂತ ಇದ್ರಲ್ಲಿ ಬರೆದೈತಾ?" ಅಂದಳು. ಇಲ್ಲ ಅಂದರು. "ಬರೀರಿ, ಆಮೇಲೆ ಒತ್ತುತೀನಿ" ಅಂದಳು.

ಅವತ್ತಿಂದ ಆರು ತಿಂಗಳು ನಮ್ಮನೆಗೆ ಯಾರೂ ಕೂಲಿಗೆ ಕರೀಲಿಲ್ಲ. ಹಾಸನದ ಕಡೆ ಆಲೂಗೆಡ್ಡೆ ಕೀಳೋಕೆ ಹೋಗಿ ಬದುಕಿದೆವು. ಸಿಸ್ಟನ್ ಬಂತು. ನಮ್ಮವ್ವನ ಎರಡನೇ ಸಲ ನಿಲ್ಲೋಕೆ ಬಿಡಲಿಲ್ಲ ಅನ್ನೋದೂ ಸೇರಿಸಿಯೇ ಹೇಳಬೇಕು, ಸಿನಿಮಾ ಥರ ಮುಗಿಸೋಕಾಗಲ್ಲ.

ಅವತ್ತು ನಮ್ಮವ್ವನ ಜೊತೆ ನಿಂತದ್ದು ಊರಲ್ಲ. ಒಂದು ಕಾಯ್ದೆ, ಮತ್ತೆ ಅದನ್ನ ಓದಿ ಹೇಳಿದ ಸಂಘ. ಇದು ಎಷ್ಟು ದುಬಾರಿ ಅನ್ನೋಕೆ ತಮಿಳುನಾಡಿನ ಮೇಲವಳವು ಸಾಕ್ಷಿ. ಮೀಸಲಾದ ಪಂಚಾಯಿತಿಗೆ ಅಧ್ಯಕ್ಷರಾದ ಮುರುಗೇಶನ್ ಅವರನ್ನ 1997ರ ಜೂನ್ 30ರಂದು, ಜೊತೆಗಿದ್ದ ನಮ್ಮವರ ಸಮೇತ, ಕೊಂದರು. ಕುರ್ಚಿಗೆ ಬೆಲೆ ಇಲ್ಲದಿದ್ರೆ ಅದಕ್ಕೋಸ್ಕರ ಯಾರಾದ್ರೂ ಕೊಲ್ತಾರಾ?

ಈಗ ನಮ್ಮ ಮೂರು ಊರು ನೋಡಿ. ಅರಸೀಕೆರೆ ನಗರಸಭೆ, ಬೇಲೂರು ಪುರಸಭೆ, ಇವೆರಡೂ 1964ರ ಪೌರಸಭೆಗಳ ಕಾಯ್ದೆ ಕೆಳಗೆ. ಹಳೇಬೀಡು ಗ್ರಾಮ ಪಂಚಾಯಿತಿ, 1993ರ ಕಾಯ್ದೆ ಕೆಳಗೆ. ಬಾಣಾವರ, ಜಾವಗಲ್ ದಾಟಿ ಒಂದೇ ಬಸ್ಸಲ್ಲಿ ಹೋಗಿ ಬರಬಹುದಾದ ಊರುಗಳು, ಆದರೆ ಕಾನೂನು ಬೇರೆ ಬೇರೆ. ಹಳೇಬೀಡಲ್ಲಿ ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇಲ್ಲ, ಬೇಲೂರು ಪುರಸಭೆಗೆ ಇದೆ. ಹಳೇಬೀಡಲ್ಲಿ ಪಿಡಿಒ, ಬೇಲೂರಲ್ಲಿ ಮುಖ್ಯಾಧಿಕಾರಿ, ಅರಸೀಕೆರೆಯಲ್ಲಿ ಪೌರಾಯುಕ್ತ. ಮೂವರನ್ನೂ ಕಳಿಸೋದು, ವರ್ಗ ಮಾಡೋದು ರಾಜ್ಯ ಸರ್ಕಾರ. ನಾವು ಆರಿಸಿದ ಅಧ್ಯಕ್ಷರಿಗೆ ಅವರನ್ನ ಬದಲಾಯಿಸೋ ಅಧಿಕಾರ ಇಲ್ಲ. ನಗರಸಭೆ, ಪುರಸಭೆಯಲ್ಲಿ ಅಧ್ಯಕ್ಷರ ಆಯ್ಕೆಗೆ ಶಾಸಕರೂ ಸಂಸದರೂ ಬಂದು ಓಟು ಹಾಕ್ತಾರೆ.

ರಾಜ್ಯ ಅಂದ್ರೆ ಯಾವಾಗಲೂ ನಮ್ಮ ವಿರುದ್ಧ ಅಂತ ನಾನು ಹೇಳಲ್ಲ. ದೇವರಾಜ ಅರಸರ ಸರ್ಕಾರದಲ್ಲಿ ಬಿ. ಬಸವಲಿಂಗಪ್ಪನವರು ಪೌರಾಡಳಿತ ಮಂತ್ರಿಯಾಗಿ ತಲೆ ಮೇಲೆ ಮಲ ಹೊರೋದನ್ನ ನಿಲ್ಲಿಸಿದರು. ಆ ಪದ್ಧತಿಯನ್ನ ನಡೆಸ್ಕೊಂಡು ಬಂದಿದ್ದು ಊರೂರಿನ ಪೌರಸಭೆಗಳೇ, ನಿಲ್ಲಿಸಿದ್ದು ಮೇಲಿನ ಆದೇಶ. ಸ್ಥಳೀಯ ಅನ್ನೋದೆಲ್ಲಾ ಒಳ್ಳೇದಲ್ಲ, ಬೆಂಗಳೂರು ಅನ್ನೋದೆಲ್ಲಾ ಕೆಟ್ಟದ್ದಲ್ಲ. ಕೇಳಬೇಕಾದ್ದು, ನಿಯಮ ಎಲ್ಲರಿಗೂ ಮೊದಲೇ ಗೊತ್ತಿರೋ ಹಾಗೆ ಬರೆದಿದೆಯಾ, ಇಲ್ಲಾ ಯಾರದೋ ಜೇಬಲ್ಲಿದೆಯಾ ಅಂತ.

ಅರಸೀಕೆರೆಯಲ್ಲಿ ಅದು ಜೇಬಲ್ಲಿತ್ತು. 2018ರ ಆಗಸ್ಟ್ ಕೊನೆಗೆ ನಗರಸಭೆಯ 31 ವಾರ್ಡ್‌ಗೆ ಮತದಾನ ಆಯ್ತು, ಜೆಡಿಎಸ್‌ಗೆ ಸ್ಪಷ್ಟ ಬಹುಮತ ಬಂತು. ಆದರೆ ರಾಜ್ಯದ ನಗರ ಸಂಸ್ಥೆಗಳ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಕೋರ್ಟು, ಸರ್ಕಾರ ಅಂತ ಅಲೆದಾಡಿ ಎರಡು ವರ್ಷ ಕಳೀತು. ಗೆದ್ದೋರು ಗೆದ್ದೂ ಅಧಿಕಾರ ಇಲ್ಲದೆ ಕೂತರು. 2020ರ ಅಕ್ಟೋಬರಲ್ಲಿ ಪಟ್ಟಿ ಬಂತು: ಹಾಸನ, ಅರಸೀಕೆರೆ ಎರಡೂ ಅಧ್ಯಕ್ಷ ಸ್ಥಾನ ಪರಿಶಿಷ್ಟ ಪಂಗಡಕ್ಕೆ. ಬಹುಮತದ ಪಕ್ಷದಲ್ಲಿ ಆ ವರ್ಗದ ಸದಸ್ಯರಿಲ್ಲ, ಆಗ ರಾಜ್ಯ ಆಳ್ತಿದ್ದ ಬಿಜೆಪಿಯಲ್ಲಿದ್ದರು. ಬಿಜೆಪಿ ಎರಡೂ ಕಡೆ ಕುರ್ಚಿ ಹಿಡೀತು. ಇದು ಪಿತೂರಿ ಅಂತ ಒಬ್ಬರು, ಕಾನೂನು ಪ್ರಕಾರ ಅಂತ ಇನ್ನೊಬ್ಬರು. ಪಟ್ಟಿ ಮತ್ತೆ ಹೈಕೋರ್ಟಿಗೆ ಹೋಯ್ತು, ಒಂದು ಪೀಠ ರದ್ದು ಮಾಡಿದ್ದನ್ನ ಇನ್ನೊಂದು ಪೀಠ ತಡೆಹಿಡೀತು.

ಈ ಗಲಾಟೆಯಲ್ಲಿ ಇಬ್ಬರೂ ಕೇಳದ ಎರಡು ಪ್ರಶ್ನೆ ನನ್ನವು. ಒಂದು, 31 ವಾರ್ಡಲ್ಲಿ ಗೆಲ್ಲೋ ಶಕ್ತಿ ಇದ್ದ ಪಕ್ಷ ಒಂದು ಸಾಮಾನ್ಯ ವಾರ್ಡಲ್ಲಿ ಪರಿಶಿಷ್ಟ ಪಂಗಡದೋರನ್ನ ಗೆಲ್ಲಿಸಿಕೊಂಡು ಬರಬಹುದಿತ್ತಲ್ಲ, ಯಾಕೆ ಮಾಡಲಿಲ್ಲ? ಎರಡು, ಮುಂದಿನ ಹತ್ತು ಹದಿನೈದು ವರ್ಷಕ್ಕೆ ಯಾವ ಊರಿಗೆ ಯಾವ ಸರದಿ ಅಂತ ಮೊದಲೇ ಬರೆದು ಗೋಡೆಗೆ ಅಂಟಿಸೋಕೆ ಯಾವ ಸರ್ಕಾರಕ್ಕೂ ಯಾಕೆ ಮನಸ್ಸಿಲ್ಲ? ಸರದಿ ಮೊದಲೇ ಗೊತ್ತಿದ್ರೆ ಮೀಸಲಾತಿ ನಮ್ಮ ಹಕ್ಕಾಗುತ್ತೆ. ಚುನಾವಣೆ ಆದಮೇಲೆ ಪಟ್ಟಿ ಬಂದರೆ ಅದು ಅವರ ಆಟದ ಕಾಯಿ ಆಗುತ್ತೆ, ಬೈಗುಳ ಮಾತ್ರ ನಮ್ಮ ಜನಕ್ಕೆ ಬೀಳುತ್ತೆ: "ಮೀಸಲಾತಿಯಿಂದ ಬಂದೋರು" ಅಂತ.

ಬೇಲೂರಿಗೆ ಬನ್ನಿ. 2021ರ ಏಪ್ರಿಲ್ 27, ಕೊರೊನಾ ಎರಡನೇ ಅಲೆ ಜೋರಾಗಿದ್ದ ದಿನ. ಬೇಲೂರು ಪುರಸಭೆಯ 23 ವಾರ್ಡ್‌ಗೆ ಮತದಾನ ನಡೀತು. ಜನ ಮಾಸ್ಕ್ ಹಾಕ್ಕೊಂಡು ಸಾಲಲ್ಲಿ ನಿಂತರು. ಅದೇ ವರ್ಷ, ಅದೇ ಬೇಲೂರಿನ ತಾಲ್ಲೂಕು ಪಂಚಾಯಿತಿಗೆ ಮಾತ್ರ ಚುನಾವಣೆ ಆಗಲಿಲ್ಲ. ಮೊದಲು ಕೊರೊನಾ ಅಂದರು. ಆಮೇಲೆ ಕಾಯ್ದೆಯನ್ನೇ ತಿದ್ದಿದರು. ಕ್ಷೇತ್ರದ ಗಡಿ ಗೀಚೋದು, ಮೀಸಲಾತಿ ನಿಗದಿ ಮಾಡೋದು ಚುನಾವಣಾ ಆಯೋಗದ ಕೈಯಲ್ಲಿತ್ತು. ಅದನ್ನ ಕಿತ್ತು ಸರ್ಕಾರ ನೇಮಿಸೋ ಗಡಿ ನಿರ್ಣಯ ಆಯೋಗಕ್ಕೆ ಕೊಟ್ಟರು. ಆಮೇಲೆ ಹಿಂದುಳಿದ ವರ್ಗದ ಮೀಸಲಾತಿಗೆ ಸುಪ್ರೀಂ ಕೋರ್ಟ್ ಹೇಳಿದ ಪರೀಕ್ಷೆ ಅಂತ ಒಂದಷ್ಟು ದಿನ. ಬಿಜೆಪಿ ಹೋಯ್ತು, 2023ರಲ್ಲಿ ಕಾಂಗ್ರೆಸ್ ಬಂತು, ದಿನಾಂಕ ಮಾತ್ರ ಬರಲಿಲ್ಲ. ಅವಧಿ ಮುಗಿಯೋದ್ರೊಳಗೆ ಚುನಾವಣೆ ಮಾಡಲೇಬೇಕು ಅಂತ ಸುಪ್ರೀಂ ಕೋರ್ಟ್ 2006ರಲ್ಲೇ ಕಿಶನ್ ಸಿಂಗ್ ತೋಮರ್ ಪ್ರಕರಣದಲ್ಲಿ ಹೇಳಿಯಾಗಿದೆ.

ಗಡಿ ಗೀಚೋ ಪೆನ್ನು ಎಂಥಾದ್ದು ಅಂತ ಬೇಲೂರಿನ ಹಿರಿಯರನ್ನ ಕೇಳಿ. 2008ಕ್ಕೆ ಮುಂಚೆ ಬೇಲೂರು ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಜಾತಿ ಮೀಸಲು. ಪುನರ್‌ವಿಂಗಡಣೆ ಆಗಿ ಮೀಸಲು ಸಕಲೇಶಪುರಕ್ಕೆ ಹೋಯ್ತು. ಸರದಿ ಬದಲಾಗೋದು ತಪ್ಪಲ್ಲ. ಆದರೆ ಆ ಪೆನ್ನು ಚುನಾವಣೆಗೆ ನಿಲ್ಲೋರ ಕೈಗೆ ಹತ್ರ ಆದಷ್ಟೂ ನಮಗೆ ಅಪಾಯ.

ಈಗ ನಮ್ಮ ಹುಡುಗನ ಪ್ರಶ್ನೆಗೆ ಲೆಕ್ಕದಲ್ಲೇ ಉತ್ತರ ಹೇಳ್ತೀನಿ. 2016ರಲ್ಲಿ ಹಾಸನ ಜಿಲ್ಲಾ ಪಂಚಾಯಿತಿಗೆ 40 ಸ್ಥಾನ. ಜಿಲ್ಲೆಯ ಜನರಲ್ಲಿ ಪರಿಶಿಷ್ಟ ಜಾತಿಯವರು ಹೆಚ್ಚುಕಮ್ಮಿ ಐದರಲ್ಲಿ ಒಬ್ಬರು. ಅಂದ್ರೆ ಎಂಟು ಜನದ ಆಸುಪಾಸು ನಮ್ಮವರು ಆ ಸಭೆಯಲ್ಲಿ ಇರಬೇಕು, ಅದರಲ್ಲಿ ಅರ್ಧ ಹೆಣ್ಣುಮಕ್ಕಳು. ತಾಲ್ಲೂಕು ಪಂಚಾಯಿತಿಗಳ ಲೆಕ್ಕ ಬೇರೆ. 2021ರಿಂದ ಇವರೊಬ್ಬರೂ ಇಲ್ಲ. ಹಾಸ್ಟೆಲ್ ಅನ್ನ ಸರಿ ಇಲ್ಲ ಅಂತ, ಅಂಗನವಾಡಿಗೆ ನಮ್ಮ ಮಕ್ಕಳನ್ನ ದೂರ ಕೂರಿಸ್ತಾರೆ ಅಂತ, ಸಭೆಯಲ್ಲಿ ಎದ್ದು ನಿಂತು ಅಧಿಕಾರಿಗೆ ಕೇಳೋ ಹಕ್ಕಿದ್ದೋರು ಇಲ್ಲ. ಸಾಮಾಜಿಕ ನ್ಯಾಯ ಸಮಿತಿ ಕೂರೋಕೆ ಸದಸ್ಯರೇ ಇಲ್ಲ. ಆ ಜಾಗದಲ್ಲಿ ಉಳಿದದ್ದು ಕೆಡಿಪಿ ಸಭೆ, ಅದರ ಅಧ್ಯಕ್ಷತೆ ಶಾಸಕರದ್ದು.

ಬಲಾಢ್ಯ ಜಾತಿಯೋರಿಗೆ ಚುನಾವಣೆ ನಿಂತರೆ ನಷ್ಟ ಇಲ್ಲ ಕಣೋ ತಮ್ಮಾ. ಅವರಿಗೆ ಫೋನ್ ನಂಬರಿದೆ, ನೆಂಟಸ್ತಿಕೆ ಇದೆ, ಶಾಸಕರ ಮನೆ ಹಜಾರದಲ್ಲಿ ಕುರ್ಚಿ ಇದೆ. ನಮಗಿದ್ದದ್ದು ಕಾಯ್ದೆ ಹಾಕಿಸಿದ ಕುರ್ಚಿ ಒಂದೇ. ನೀನು ಹೇಳೋ ಆಫೀಸರ್ ಒಳ್ಳೆಯವನಿದ್ರೆ ಒಳ್ಳೇದಾಗುತ್ತೆ. ಅವನಿಗೆ ವರ್ಗ ಆದ ಮಾರನೇ ದಿನ? ತೇರು ಮುಗಿದ ಮಾರನೇ ದಿನದ ಥರವೇ.

ಹಾಗಾಗಿ ಮೂರು ಕೆಲಸ ಹೇಳ್ತೀನಿ. 2020ರ ಡಿಸೆಂಬರಲ್ಲಿ ಆರಿಸಿದ ಗ್ರಾಮ ಪಂಚಾಯಿತಿಗಳ ಅವಧಿಯೂ ಐದೇ ವರ್ಷದ್ದು. ಮೊದಲನೇದು, ಪ್ರತಿ ಗ್ರಾಮಸಭೆಯಲ್ಲಿ ಎದ್ದು ನಿಂತು, ಹೊತ್ತಿಗೆ ಸರಿಯಾಗಿ ಚುನಾವಣೆ ಮಾಡಿ ಅಂತ ನಡಾವಳಿಯಲ್ಲಿ ಬರೆಸಿ. ಎರಡು, ಪಂಚಾಯಿತಿ ಇರಲಿ, ಪುರಸಭೆ ಇರಲಿ, ನಗರಸಭೆ ಇರಲಿ, ಸ್ವಂತ ಆದಾಯದಲ್ಲಿ ಪರಿಶಿಷ್ಟರಿಗೆ ಅಂತ ಇಡಬೇಕಾದ ಪಾಲಿನ ಲೆಕ್ಕ ಕೇಳಿ, ಬಾಯಲ್ಲಿ ಕೇಳಬೇಡಿ, ಅರ್ಜಿ ಕೊಟ್ಟು ಮೊಹರು ಹಾಕಿಸ್ಕೊಳ್ಳಿ. ಮೂರು, ಮುಂದಿನ ಏಪ್ರಿಲ್ 14ಕ್ಕೆ ಹಾರ ಹಿಡ್ಕೊಂಡು ಬರೋ ಯಾವ ಪಕ್ಷದೋರಿಗಾದರೂ, ಫೋಟೋ ಮುಟ್ಟೋಕೆ ಮುಂಚೆ ಒಂದೇ ಪ್ರಶ್ನೆ: ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ ಚುನಾವಣೆ ಯಾವತ್ತು?

ನಮ್ಮವ್ವ ಈಗಿಲ್ಲ. ಸಿಸ್ಟನ್ ಇದೆ, ಬಿರುಕು ಬಿಟ್ಟಿದೆ. ಅದರ ಮೇಲೆ ಬರೆದ ಹೆಸರುಗಳಲ್ಲಿ ಅವಳದ್ದಿಲ್ಲ, ಅಧ್ಯಕ್ಷರದ್ದು, ಕಾರ್ಯದರ್ಶಿಯದ್ದು ಇದೆ. ಒಂದು ಸಲ ಕೇಳಿದ್ದೆ, ಅವತ್ತು ಕುರ್ಚಿ ಎಳ್ಕೊಂಡು ಕೂತಾಗ ಹೆದರಿಕೆ ಆಗಲಿಲ್ವಾ ಅಂತ. "ಆಯ್ತು ಕಣಪ್ಪ, ಕೈ ನಡುಗ್ತಿತ್ತು. ಆದ್ರೆ ಏಳು ಅನ್ನೋಕೆ ಅವರಿಗೆ ಅಧಿಕಾರ ಇಲ್ಲ ಅಂತ ಗೊತ್ತಾಗಿತ್ತಲ್ಲ" ಅಂದಳು.

ಆ ಕುರ್ಚಿ 2021ರಿಂದ ಖಾಲಿ. ಏಳು ಅಂತ ಯಾರೂ ಹೇಳಲಿಲ್ಲ. ಕೂರೋಕೇ ಕರೀಲಿಲ್ಲ ಅಷ್ಟೇ.

ಓದಿ, ತಪ್ಪಿದ್ದರೆ ತಿದ್ದಿ, ನಿಮ್ಮ ಪಂಚಾಯಿತಿಯ ಕಥೆ ಕೆಳಗೆ ಬರೀರಿ.

ಜೈ ಭೀಮ್.